ಗೆನೊವೆಫಾ ಅವರ ಸೂಪಿಗೆ ಉಪ್ಪು ಹೆಚ್ಚಾದ ವರ್ಷ

ನನ್ನ ಅಕ್ಷರ ಚೆನ್ನಾಗಿಲ್ಲ, ದಯವಿಟ್ಟು ಕ್ಷಮಿಸಬೇಕು. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು ನಾನು. ಮಾತುಗಳೂ ನನಗೆ ಸುಲಭವಾಗಿ ಸಿಗುವುದಿಲ್ಲ. ಒಂದು ವಾಕ್ಯ ಬರೆದು, ಅದು ನಿಜವೇ ಎಂದು ಓದಿ ನೋಡಿ, ಆಮೇಲೆ ಮುಂದಿನದಕ್ಕೆ ಹೋಗುತ್ತೇನೆ. ಎಲ್ಲಾದರೂ ಹೊಡೆದುಹಾಕಿದ ಸಾಲು ಕಂಡರೆ, ಅಲ್ಲಿ ನಾನು ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಬರೆದಿದ್ದೆ ಎಂದು ತಿಳಿಯಿರಿ.

ನಮ್ಮ ಕ್ಯಾಂಟೀನಿನ ಮೇಲ್ವಿಚಾರಕಿ ಹಲೀನಾ ಅವರು, ತೀರಿಕೊಂಡ ಅಡುಗೆಯ ಗೆನೊವೆಫಾ ಬೂಚೆಕ್ ಅವರ ಫೋಟೋ ಒಂದನ್ನು ಊಟದ ಕೋಣೆಯ ಗೋಡೆಗೆ ಹಾಕಿಸಿದ್ದಾರೆ. ಅದರ ಕೆಳಗೆ ಅಂಟಿಸಲು ನಾಲ್ಕು ಸಾಲು ಬರೆದುಕೊಡು ಎಂದು ನನಗೆ ಹೇಳಿದರು. ಎಲ್ಲಿ ಹುಟ್ಟಿದರು, ಎಷ್ಟು ಕಾಲ ದುಡಿದರು, ಯಾವಾಗ ಹೋದರು ಎಂದು ಬರೆದೆ.

"ಕೊನೇಗಾಲದಲ್ಲಿ ಪ್ರೀತೀಲಿ ಬಿದ್ದು ಸೂಪಿಗೆ ಉಪ್ಪು ಜಾಸ್ತಿ ಹಾಕ್ತಿದ್ರು ಅಂತಾನೂ ಸೇರಿಸು ಕಣೆ. ಜನಕ್ಕೆ ನೆನಪಿರೋದು ಅದೇ," ಅಂದರು ಹಲೀನಾ.

ಆ ಸಾಲನ್ನು ನನ್ನಿಂದ ಬರೆಯಲಾಗಲಿಲ್ಲ. ಯಾಕೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಸರು ಮಿರ್ಕಾ. ಸಾನೋಕ್ ಎಂಬ ನಮ್ಮ ಊರಿನಲ್ಲಿ ಬಸ್ ನಿಲ್ದಾಣದಿಂದ ಚೌಕಕ್ಕೆ ಏರುವ ದಾರಿಯಲ್ಲಿ ‘ಯಾಗೊಡಾ’ ಎಂಬ ಹಾಲಿನ ಕ್ಯಾಂಟೀನು ಇದೆ. ಹಾಲು, ಮೊಟ್ಟೆ, ಹಿಟ್ಟು, ಆಲೂಗಡ್ಡೆ ಇವುಗಳಲ್ಲೇ ಅಲ್ಲಿಯ ಬಹುಪಾಲು ಅಡುಗೆ ಮುಗಿಯುತ್ತದೆ, ಅದಕ್ಕೇ ಹಾಲಿನ ಕ್ಯಾಂಟೀನು ಎಂಬ ಹೆಸರು. ಪಿಂಚಣಿಯವರು, ಒಂಟಿ ಗಂಡಸರು, ಬಸ್ಸಿಗೆ ಕಾಯುವವರು ಬರುತ್ತಾರೆ. ಎದುರಿಗೆ ಯಾರಿದ್ದಾರೆಂದು ನೋಡದೆ ಖಾಲಿ ಕಂಡ ಕುರ್ಚಿಯಲ್ಲಿ ಕೂರುತ್ತಾರೆ. ಊಟದ ಚೀಟಿಯನ್ನು ಅಡುಗೆಮನೆಯ ಕಿಂಡಿಗೆ ಕೊಟ್ಟು, ಒಳಗಿನಿಂದ ಕೂಗಿದಾಗ ಎದ್ದುಬಂದು ತಟ್ಟೆ ಎತ್ತಿಕೊಳ್ಳುತ್ತಾರೆ. ಕಿಂಡಿಯಲ್ಲಿ ತಟ್ಟೆ ಇಡುವುದೂ ಖಾಲಿ ತಟ್ಟೆ ತೊಳೆಯುವುದೂ ನನ್ನ ಕೆಲಸ. ಕೂಗುತ್ತಿದ್ದವರು ಗೆನೊವೆಫಾ ಅವರು. "ಚೀಸಿನ ಕಡುಬು ಯಾರ್ದಪ್ಪಾ! ತಣ್ಣಗಾದ್ರೆ ನನ್ನ ಬೈಬೇಡಿ!" ಎಂದು ಅವರು ಕೂಗಿದರೆ ಬಸ್ ನಿಲ್ದಾಣದವರೆಗೂ ಕೇಳುತ್ತಿತ್ತು.

ಅವರನ್ನು ಎಲ್ಲರೂ ಗೆನ್ಯಾ ಎನ್ನುತ್ತಿದ್ದರು. ನಾನು ಗೆನ್ಯತ್ತೆ ಎನ್ನುತ್ತಿದ್ದೆ, ಆದರೆ ಸಂಬಂಧದಲ್ಲಿ ಅತ್ತೆಯಲ್ಲ. ಬೆಟ್ಟದ ಕಡೆಯ ಒಂದು ಹಳ್ಳಿಯಲ್ಲಿ ಮರ ಕೊಯ್ಯುವವರ ಮಗಳಾಗಿ ಹುಟ್ಟಿದರು. ಹರೆಯದಲ್ಲೇ ಊರಿಗೆ ಬಂದು ಕಾರ್ಖಾನೆಯ ಊಟದ ಮನೆ ಸೇರಿದರು, ಆಮೇಲೆ ಯಾಗೊಡಾಗೆ. ಒಬ್ಬ ಬಡಗಿ ಮದುವೆಗೆ ಕೇಳಿದ್ದನಂತೆ. ಅದೇ ಚಳಿಗಾಲ ತಾಯಿಗೆ ಒಂದು ಪಕ್ಕ ಬಿದ್ದುಹೋಯಿತು. ಬಡಗಿ ಸ್ವಲ್ಪ ದಿನ ಕಾದು ಬೇರೆ ಕಡೆ ಮದುವೆಯಾದ. ತಾಯಿ ಬಹಳ ವರ್ಷ ಬದುಕಿದರು. ತಾಯಿ ಹೋದಮೇಲೆ ಬ್ರೆಡ್ಡಿನಂಗಡಿಯ ಮೇಲಿನ ಒಂದೇ ಕೋಣೆಯ ಮನೆಯಲ್ಲಿ ಗೆನ್ಯತ್ತೆ ಒಬ್ಬರೇ ಇದ್ದರು.

ಅವರು ಸೌಟಿನಿಂದ ರುಚಿ ನೋಡುತ್ತಿರಲಿಲ್ಲ. ಎಡ ಅಂಗೈಯ ಗುಳಿಗೆ ಒಂದು ಹನಿ ಸೂಪ್ ಬಿಟ್ಟುಕೊಂಡು, ನೆಕ್ಕಿ, ಮೇಲೆ ಚಾವಣಿ ನೋಡುತ್ತಿದ್ದರು. ಅಲ್ಲಿ ಏನೋ ಬರೆದಿದೆ, ಅದನ್ನು ಓದುತ್ತಿದ್ದಾರೆ ಎನ್ನುವ ಹಾಗೆ. ಆಮೇಲೆ ಉಪ್ಪಿನ ಡಬ್ಬಕ್ಕೆ ಕೈ ಹಾಕುವರು, ಇಲ್ಲವೇ ಸುಮ್ಮನಾಗುವರು. ಎರಡನೆಯ ಸಲ ರುಚಿ ನೋಡಿದ್ದನ್ನು ನಾನು ಕಂಡಿಲ್ಲ.

ಶನಿವಾರ ಸಂಜೆ ನನ್ನನ್ನು ಕರೆದುಕೊಂಡು ಅಂಗಡಿ ಸುತ್ತುತ್ತಿದ್ದರು. ಕೊಳ್ಳುವುದು ಕಡಿಮೆ. ಬ್ರೆಡ್ಡಿನ ಬೆನ್ನು ತಟ್ಟಿ ಸದ್ದು ಕೇಳುವುದು, ಮಾಂಸದಂಗಡಿಯಲ್ಲಿ ನೇತುಹಾಕಿದ ಹೊಗೆ ಹಾಕಿದ ಸಾಸೇಜಿನ ಕೆಳಗೆ ನಿಂತು ಮೂಗರಳಿಸುವುದು, ಮಾರುಕಟ್ಟೆಯಲ್ಲಿ ಹುಳಿ ಎಲೆಕೋಸಿನ ಪೀಪಾಯಿಯಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಮಾರುವವಳ ಜತೆ ವಾದಿಸುವುದು. ಭಾನುವಾರ ಎಲ್ಲಾದರೂ ಹೊರಗೇ ಉಣ್ಣುತ್ತಿದ್ದರು. "ವಾರವೆಲ್ಲ ಊರು ನನ್ನ ಕೈ ಊಟ ಉಣ್ಣುತ್ತೆ. ಒಂದ್ ದಿನ ನಾನು ಊರಿನ ಕೈ ಊಟ ಉಂಡ್ರೆ ಏನು ತಪ್ಪು?" ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ಅಣಬೆ ಬರುವ ಕಾಲದಲ್ಲಿ, ಚೌಕದಲ್ಲಿ ಬಿಳಿ ಬಟ್ಟೆ ಹಾಸಿದ ಮೇಜುಗಳ ದೊಡ್ಡ ಹೋಟೆಲಿಗೆ ನೀಲಿ ಉಡುಪು ಹಾಕಿಕೊಂಡು ಒಬ್ಬರೇ ಹೋಗುತ್ತಿದ್ದರು. ಯಾರೋ ಬೇರೆಯವರು ಬಡಿಸಿ, ಯಾರೋ ಬೇರೆಯವರು ತಟ್ಟೆ ತೆಗೆಯುವುದನ್ನು ನೋಡುವುದು ಅವರಿಗೆ ಹಬ್ಬ.

ಹೋದ ವರ್ಷ ಈಸ್ಟರ್ ಕಳೆದು ಸ್ವಲ್ಪ ದಿನಕ್ಕೆ ಟೊಮೇಟೊ ಸೂಪಿಗೆ ಮೊದಲ ಸಲ ಉಪ್ಪು ಹೆಚ್ಚಾಯಿತು. ಅದನ್ನು ಸಾರಿದವರು ಚೆಸ್ಯಾ. ಮೂವರು ಗಂಡಂದಿರನ್ನು ಮಣ್ಣು ಮಾಡಿದ, ಬಾಯಿಗೆ ಬೀಗವಿಲ್ಲದ ಮುದುಕಿ. ಚಮಚ ಕೆಳಗಿಟ್ಟು ಕಿಂಡಿಯ ಕಡೆ ತಿರುಗಿದರು.

"ಗೆನ್ಯಾ! ಇದೇನೇ, ಸೂಪಾ ಸಮುದ್ರಾನಾ?"

"ಯಾಕೆ, ಏನಾಯ್ತು?" ಗೆನ್ಯತ್ತೆ ಕಿಂಡಿಯಲ್ಲಿ ಮುಖ ಇಟ್ಟರು.

"ಏನಾಯ್ತು ಅಂತ ನೀನೇ ಹೇಳ್ಬೇಕಮ್ಮಾ. ಅಡುಗೆಯವಳು ಉಪ್ಪು ಜಾಸ್ತಿ ಹಾಕಿದ್ರೆ ಮನಸ್ಸು ಎಲ್ಲೋ ಹೋಗಿದೆ, ಪ್ರೀತೀಲಿ ಬಿದ್ದಿದಾಳೆ ಅಂತ ನಮ್ಮಜ್ಜಿ ಹೇಳೋಳು. ಯಾರೇ ಅವನು?"

ಈ ಮಾತು ನಮ್ಮಲ್ಲಿ ಎಲ್ಲರ ಅಜ್ಜಿಯರೂ ಹೇಳಿದ್ದೇ. ಊಟದ ಕೋಣೆಯೆಲ್ಲ ನಕ್ಕಿತು. ಗೆನ್ಯತ್ತೆಯ ಮುಖ ಕೆಂಪಾಯಿತು. ಆ ಹೊತ್ತಿಗೆ ಸರಿಯಾಗಿ ಕಿಂಡಿಯ ಮುಂದೆ ತಟ್ಟೆ ಹಿಡಿದು ನಿಂತಿದ್ದವರು ಎಡ್ಮುಂಡ್ ಸ್ರೋಕಾ. ರೈಲಿನಲ್ಲಿ ಟಿಕೆಟ್ ನೋಡುವ ಕೆಲಸ ಮಾಡಿ ನಿವೃತ್ತರಾದವರು, ಹೆಂಡತಿ ಇಲ್ಲ, ಮಕ್ಕಳಿಲ್ಲ. ದಿನವೂ ಕಿಟಕಿಯ ಕೆಳಗಿನ ಅದೇ ಮೇಜಿನಲ್ಲಿ ಮಾತಿಲ್ಲದೆ ಉಂಡು ಹೋಗುವವರು.

"ಓಹೋ, ಎಡ್ಮುಂಡರಾ!" ಎಂದರು ಚೆಸ್ಯಾ. "ನೋಡ್ರಪ್ಪಾ, ಮೂಗು ಕೆಂಪಾಯ್ತು ಮನುಷ್ಯಂಗೆ!"

"ಸೂಪಿನ ಹಬೆ ಕಣ್ರೀ," ಅಂದರು ಎಡ್ಮುಂಡ್. ಎಲ್ಲರೂ ಇನ್ನೂ ಜೋರಾಗಿ ನಕ್ಕರು.

ಮಾರನೆಯ ದಿನ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಅದರ ಮುಂದಿನ ವಾರ ಆಲೂಗಡ್ಡೆಯ ಸೂಪು ಉಪ್ಪಾಯಿತು. ಎಡ್ಮುಂಡ್ ತಟ್ಟೆ ಬಳಿದು ಉಂಡು, ಕಿಂಡಿಗೆ ಬಂದು, "ಇವತ್ತು ತುಂಬಾ ಚೆನ್ನಾಗಿತ್ತು" ಅಂದರು. ಬೇಸಿಗೆಗೆ ಹೂವು ಬಂತು, ಹಳೆಯ ಪತ್ರಿಕೆಯಲ್ಲಿ ಸುತ್ತಿದ ಅವರ ತೋಟದ ಕೆಂಪು ಹೂವು.

ಸೂಪು ಮತ್ತೆ ಮತ್ತೆ ಉಪ್ಪಾಗುತ್ತಿತ್ತು. ಆದರೆ ಯಾರೂ ದೂರಲಿಲ್ಲ. ಜನ ಜಾಸ್ತಿ ಬ್ರೆಡ್ ತೆಗೆದುಕೊಂಡರು, ಚಹಾದ ಬಿಸಿನೀರು ಬೆರೆಸಿಕೊಂಡರು. "ಹೋಗ್ಲಿ ಬಿಡ್ರೀ, ಪಾಪ, ಅರವತ್ತು ದಾಟಿದ್ಮೇಲೆ ಬಂದಿದೆ ಅವಳಿಗೆ," ಎಂದುಕೊಂಡರು. ಹಲೀನಾ ಕೂಡ ಬೈಯಲಿಲ್ಲ. ಇವರಿಬ್ಬರನ್ನು ನೋಡಲೆಂದೇ ಹೊಸಬರು ಬರುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಎಲ್ಲರೂ ಹಾಗೆ ಮಾಡಿದರು ಎಂದು ನಾನು ಬರೆಯಲೇಬೇಕು.

ಬೇಸಿಗೆಯ ಕೊನೆಯ ಒಂದು ಶನಿವಾರ ಮಾರುಕಟ್ಟೆಯಲ್ಲಿ ಹುಳಿ ಎಲೆಕೋಸಿನವಳು ಪೀಪಾಯಿಯ ಮುಚ್ಚಳ ತೆಗೆದಾಗ ನನಗೆ ಒಂದು ಹೆಜ್ಜೆ ಹಿಂದೆ ಸರಿಯುವಂತಾಯಿತು. ಹಳೆಯ ಪೀಪಾಯಿ, ಕೊಳೆತ ವಾಸನೆ. ಗೆನ್ಯತ್ತೆ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿ, ಮೇಲೆ ನೋಡಿ, "ಚೆನ್ನಾಗಿದೆ, ಹಾಕು" ಅಂದರು. ಮಾರುವವಳೇ ಬೆರಗಾಗಿ ಅವರ ಮುಖ ನೋಡಿದಳು, ಇವತ್ತು ವಾದ ಇಲ್ಲವೇ ಎಂಬಂತೆ. ದಾರಿಯಲ್ಲಿ ನಾನು ಕೇಳಿದೆ.

"ಗೆನ್ಯತ್ತೆ, ಅದು ಕೆಟ್ಟಿರಲಿಲ್ವಾ?"

"ನೆಗಡಿ ಕಣೇ ನಂಗೆ," ಅಂದರು. ಸ್ವಲ್ಪ ದೂರ ನಡೆದು ಚೀಲವನ್ನು ಕಸದ ಡಬ್ಬಕ್ಕೆ ಹಾಕಿಬಿಟ್ಟರು. ನೆಗಡಿಯವರಂತೆ ಅವರು ಒಮ್ಮೆಯೂ ಸೀನಿರಲಿಲ್ಲ.

ಅಣಬೆಯ ಕಾಲ ಬಂತು. ಚೌಕದ ಹೋಟೆಲಿಗೆ ಈ ವರ್ಷ ನನ್ನ ಜತೆ ಬರುತ್ತೀರಾ ಎಂದು ಎಡ್ಮುಂಡ್ ಕಿಂಡಿಯ ಮುಂದೆ ಎಲ್ಲರೆದುರಿಗೇ ಕೇಳಿದರು. ಚೆಸ್ಯಾ ಚಮಚದಿಂದ ಲೋಟ ಬಾರಿಸಿದರು. ಗೆನ್ಯತ್ತೆ ತುಂಬಾ ಹೊತ್ತು ಕೈ ಒರೆಸಿಕೊಂಡು, "ಮಿರ್ಕಾನೂ ಬರ್ತಾಳೆ" ಅಂದರು.

"ಬರ್ಲಿ. ಪೋಲೀಸರೂ ಬರ್ಲಿ," ಅಂದರು ಎಡ್ಮುಂಡ್.

ಅಂಥ ಹೋಟೆಲಿನಲ್ಲಿ ನಾನು ಕೂತದ್ದು ಅದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲಿನ ಮೇಲೆ ಇಟ್ಟುಕೊಂಡಿದ್ದೆ. ಮೂವರಿಗೂ ಹುಳಿಹಿಟ್ಟಿನ ಸೂಪು ಬಂತು, ಒಳಗೆ ಅರ್ಧ ಮೊಟ್ಟೆ, ಅಣಬೆ. ನಾನು ಒಂದು ಚಮಚ ಬಾಯಿಗಿಟ್ಟೆ, ನುಂಗಲಾಗಲಿಲ್ಲ. ತಳ ಹಿಡಿದು ಸೀದುಹೋಗಿತ್ತು. ಎಡ್ಮುಂಡ್ ಕೂಡ ಚಮಚ ಕೆಳಗಿಟ್ಟರು. ಗೆನ್ಯತ್ತೆ ಮಾತ್ರ ನಿಧಾನವಾಗಿ ಉಣ್ಣುತ್ತಿದ್ದರು, ನೇರ ಕೂತು, ಸಂತೋಷದಿಂದ.

"ನೋಡಿ, ಸೊಪ್ಪು ಎಷ್ಟು ಹಿತವಾಗಿ ಹಾಕಿದಾರೆ," ಅಂದರು. "ಬೆಳ್ಳುಳ್ಳಿ ಕೊನೇಲಿ ಹಾಕಿದಾರೆ, ಮೊದಲೇ ಹಾಕಿದ್ರೆ ಈ ಘಮ ಬರಲ್ಲ. ಹುಳಿ ಐದು ದಿನದ್ದು ಇರ್ಬೇಕು. ಅಲ್ವಾ ಎಡ್ಮುಂಡರೇ?"

ಎಡ್ಮುಂಡ್ ನನ್ನನ್ನು ನೋಡಿದರು. ನಾನು ಮೇಜಿನ ಬಟ್ಟೆ ನೋಡಿದೆ.

ಅಷ್ಟರಲ್ಲಿ ಬಡಿಸುವವನು ಓಡಿಬಂದ. "ಕ್ಷಮಿಸ್ಬೇಕು, ದಯವಿಟ್ಟು ಕ್ಷಮಿಸ್ಬೇಕು! ತಳ ಸೀದಿರೋ ಪಾತ್ರೇದು ನಿಮಗೆ ಬಂದ್ಬಿಟ್ಟಿದೆ. ಅಡುಗೆಮನೆಯೆಲ್ಲಾ ವಾಸನೆ. ಈಗ್ಲೇ ಬದಲಾಯಿಸ್ತೀನಿ."

ಗೆನ್ಯತ್ತೆಯ ಚಮಚ ಬಾಯಿಗೂ ತಟ್ಟೆಗೂ ನಡುವೆ ನಿಂತುಬಿಟ್ಟಿತು. ಅವರು ಸೂಪನ್ನು ನೋಡಿದರು, ನಮ್ಮ ತುಂಬಿದ ತಟ್ಟೆಗಳನ್ನು ನೋಡಿದರು. ಅವರ ಮುಖದಲ್ಲಿ ಆಗ ಕಂಡದ್ದನ್ನು ಬರೆಯಲು ನನಗೆ ಬರುವುದಿಲ್ಲ. ಒಂದೇ ಹೇಳಬಲ್ಲೆ, ಕೆಂಪಾಗಲಿಲ್ಲ.

"ಬೇಡಪ್ಪಾ, ಇರ್ಲಿ ಬಿಡು," ಅಂದರು ಎಡ್ಮುಂಡ್ ಬಡಿಸುವವನಿಗೆ. "ನಮಗೆ ಇದೇ ಇಷ್ಟ." ಚಮಚ ಎತ್ತಿ ಆ ಸೀದ ಸೂಪನ್ನು ತಳ ಕಾಣುವವರೆಗೂ ಉಂಡರು. ಅವರನ್ನು ನೋಡಿ ನಾನೂ ಉಂಡೆ.

ಹಿಂದಿರುಗುವಾಗ ಕೋಟೆಯ ಕೆಳಗಿನ ಬೆಂಚಿನಲ್ಲಿ ಕೂತೆವು. ಕೆಳಗೆ ಸಾನ್ ನದಿ ಹರಿಯುತ್ತಿತ್ತು. ಗೆನ್ಯತ್ತೆಯೇ ಮಾತು ತೆಗೆದರು.

"ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲದಿಂದ ಹೀಗೇ. ಮೊದ್ಲು ವಾಸನೆ ಹೋಯ್ತು, ಆಮೇಲೆ ರುಚಿ. ಉಪ್ಪು ನಾಲಿಗೆ ಮೇಲಿಟ್ರೆ ಒದ್ದೆ ಮರಳಿನ ಹಾಗಿರುತ್ತೆ. ನೆನಪಿನಿಂದ ಅಡುಗೆ ಮಾಡ್ತಿದೀನಿ."

"ಯಾರಿಗಾದ್ರೂ ಹೇಳ್ಬಾರ್ದಾಗಿತ್ತಾ?" ಅಂದರು ಎಡ್ಮುಂಡ್.

"ಏನಂತ ಹೇಳ್ಲಿ? ನಾಲಿಗೆ ಸತ್ತ ಅಡುಗೆಯವಳು ಅಂತಲೇ? ಮಾರನೇ ದಿನ ಒಲೆ ಬೇರೆಯವರಿಗೆ. ನನಗೆ ಬೇರೆ ಏನಿದೆ, ಹೇಳಿ. ಚೆಸ್ಯಾ ಆ ಮಾತಂದ್ಲು, ಎಲ್ಲಾ ನಕ್ಕರು. ಪ್ರೀತಿ ಅಂದ್ಕೊಂಡ್ರೆ ಅಂದ್ಕೊಳ್ಳಲಿ, ಒಲೆ ಉಳೀತು ಅಂತ ಸುಮ್ಮನಾದೆ." ಆಮೇಲೆ ತಲೆ ತಗ್ಗಿಸಿ, "ನಿಮಗೆ ಮೋಸ ಆಯ್ತು ಎಡ್ಮುಂಡರೇ. ಹೂವೆಲ್ಲಾ ತಂದ್ರಿ. ಅದು ನಿಮ್ಮಿಂದ ಆದ ಉಪ್ಪಲ್ಲ," ಅಂದರು.

ಎಡ್ಮುಂಡ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ಜೀವಮಾನವೆಲ್ಲಾ ಟಿಕೆಟ್ ನೋಡಿದೋನು ನಾನು. ಟಿಕೆಟ್ ಇಲ್ದೇ ಕೂತೋರ ಮುಖ ದೂರದಿಂದ್ಲೇ ಗೊತ್ತಾಗುತ್ತೆ."

"ಹಾಗಾದ್ರೆ ಗೊತ್ತಿತ್ತಾ ನಿಮಗೆ?"

"ಇಲ್ಲ. ಆ ಕಡೆ ನೋಡ್ಲೇ ಇಲ್ಲ ನಾನು. ನೋಡಿದ್ರೆ ಇಳಿಸ್ಬೇಕಾಗುತ್ತಲ್ಲ."

ಗೆನ್ಯತ್ತೆ ನಕ್ಕುಬಿಟ್ಟರು, ಆಮೇಲೆ ಅತ್ತರು. ನಾನು ಎದ್ದುಹೋಗಿ ಸ್ವಲ್ಪ ದೂರದಲ್ಲಿ ನಿಂತೆ.

ಆ ದಿನದಿಂದ ಎಡ್ಮುಂಡ್ ಹಿಡಿದದ್ದು ಒಂದೇ ಹಟ: ಡಾಕ್ಟರ ಹತ್ತಿರ ಹೋಗೋಣ. ಗೆನ್ಯತ್ತೆ ಹಿಡಿದದ್ದೂ ಒಂದೇ: ಕ್ರಿಸ್‌ಮಸ್ ಕಳೆಯಲಿ. ಪ್ರತಿ ವರ್ಷ ಕ್ರಿಸ್‌ಮಸ್ ಹಿಂದಿನ ದಿನ ಮಧ್ಯಾಹ್ನ ಯಾಗೊಡಾದಲ್ಲಿ ಒಂಟಿಯವರಿಗೆಲ್ಲ ಹಬ್ಬದ ಊಟ ಆಗುತ್ತದೆ. ಅದನ್ನು ಮಾಡದೆ ಒಲೆ ಬಿಡುವುದಿಲ್ಲ ಎಂದರು. "ಡಾಕ್ಟರು ಏನ್ ಕೆಲಸ ಅಂತ ಕೇಳ್ತಾರೆ. ಅಡುಗೆ ಅಂದ್ರೆ ಸಾಕು, ಕೆಲಸಕ್ಕೆ ಆಗಲ್ಲ ಅಂತ ಬರೆದು ಮೊಹರು ಹಾಕ್ತಾರೆ."

ಅಲ್ಲಿಯವರೆಗೆ ರುಚಿ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಅವರು ಸೌಟಿನಿಂದ ಒಂದು ಹನಿ ನನ್ನ ಅಂಗೈಗೆ ಬಿಡುತ್ತಿದ್ದರು. ಸಾಲದಿದ್ದರೆ ನಾನು ಅವರ ಮೊಣಕೈ ಮುಟ್ಟಬೇಕು, ಸರಿಯಿದ್ದರೆ ಸುಮ್ಮನೆ ಪಾತ್ರೆಯ ಕಡೆ ತಿರುಗಬೇಕು. ಹಲೀನಾ ಪಕ್ಕದಲ್ಲೇ ಇದ್ದರೂ ತಿಳಿಯಬಾರದು. ನನಗೆ ಎಲ್ಲಿ ತಪ್ಪೀತೋ ಎಂಬ ಹೆದರಿಕೆ.

"ನಿನಗೆ ಇಷ್ಟವಾಗೋದು ಬೇಡ ಕಣೇ," ಅನ್ನುತ್ತಿದ್ದರು. "ಹೊರಗೆ ಚಳೀಲಿ ನಡೆದುಬಂದ ಮುದುಕನ ಬಾಯಿಗೆ ಹೇಗಿರುತ್ತೆ ಅಂತ ನೋಡು. ನಿನ್ನ ನಾಲಿಗೆ ನಿನ್ನದಲ್ಲ, ಅವನದು."

ಸೂಪು ಮತ್ತೆ ಸರಿಯಾಯಿತು. ಅದರಿಂದ ಊರಿನಲ್ಲಿ ಬೇರೆಯೇ ಸುದ್ದಿ ಹಬ್ಬಿತು.

"ಅಯ್ಯೋ, ಉಪ್ಪು ಸರಿಯಾಗಿದೆಯಲ್ರೀ!" ಚೆಸ್ಯಾ ಊಟದ ಕೋಣೆಯ ನಡುವೆ ನಿಂತು ಎದೆ ಹಿಡಿದುಕೊಂಡರು. "ಮುಗೀತಾ? ಎಡ್ಮುಂಡರೇ, ಏನ್ ಮಾಡಿದ್ರಿ ನೀವು? ಜಗಳಾನಾ?"

"ಹೂಂ, ಜಗಳ," ಅಂದರು ಎಡ್ಮುಂಡ್.

"ಗಂಡಸರ ಹಣೇಬರಹವೇ ಇಷ್ಟು. ನನ್ನ ಎರಡನೆಯವನೂ ಹಾಗೇ ಇದ್ದ."

ನಾನು ಹೇಳಬೇಕಾದ ಮುಖ್ಯ ವಿಷಯ ಇದು. ಜನ ಪ್ರೀತಿ ಮುಗಿಯಿತು ಎಂದುಕೊಂಡ ಆ ವಾರಗಳಲ್ಲೇ ಎಡ್ಮುಂಡ್ ಹಿಂಬಾಗಿಲಿನಿಂದ ಬರತೊಡಗಿದರು. ಕೋಟು ಕಳಚಿ ಮೊಳೆಗೆ ಹಾಕಿ, ಗೆನ್ಯತ್ತೆಯ ಪಕ್ಕದ ಮಣೆಯಲ್ಲಿ ಕೂತು ಆಲೂಗಡ್ಡೆ ಹೆರೆಯುತ್ತಿದ್ದರು. ದಪ್ಪ ದಪ್ಪ ಸಿಪ್ಪೆ.

"ರೈಲ್ವೆಯವರು ಆಲೂಗಡ್ಡೆ ಹೀಗೇ ಹೆರೀತಾರಾ? ಅರ್ಧ ಹಂದಿಗೆ ಹೋಯ್ತು."

"ಹಂದಿಗಳೂ ಪ್ರಯಾಣಿಕರೇ ಅಮ್ಮಾ."

ಸಂಜೆ ಗೆನ್ಯತ್ತೆಯನ್ನು ಮನೆಯವರೆಗೆ ನಡೆಸಿಕೊಂಡು ಹೋಗುತ್ತಿದ್ದರು, ಏಕೆಂದರೆ ಆಗಾಗ ಅವರಿಗೆ ತಲೆ ಸಿಡಿಯುತ್ತಿತ್ತು, ಮೆಟ್ಟಿಲು ತಪ್ಪುತ್ತಿತ್ತು. ಬ್ರೆಡ್ಡಿನಂಗಡಿಯ ಮುಂದೆ ನಿಂತು ಗೆನ್ಯತ್ತೆ, "ಇವತ್ತು ಏನ್ ಘಮ ಇದೆ, ಹೇಳಿ" ಎಂದು ಕೇಳುವರಂತೆ. ಎಡ್ಮುಂಡ್ ಕಣ್ಣು ಮುಚ್ಚಿ, ಜೀರಿಗೆ, ಸುಟ್ಟ ಹಿಟ್ಟು, ಒದ್ದೆ ಕೋಟು ಎಂದು ಒಂದೊಂದಾಗಿ ಹೇಳುವರಂತೆ. ಇದನ್ನು ನನಗೆ ಹೇಳಿದವರು ಗೆನ್ಯತ್ತೆಯೇ. ಹೇಳುವಾಗ ಅವರ ಮುಖ, ಆ ಮೊದಲ ದಿನ ಕಿಂಡಿಯಲ್ಲಿ ಕಂಡದ್ದಕ್ಕಿಂತ ಬೇರೆಯಾಗಿತ್ತು. ಇದು ಉಪ್ಪು ಸರಿಯಾಗಿದ್ದ ಕಾಲದ ಮಾತು.

ನವೆಂಬರಿನಲ್ಲಿ, ಸತ್ತವರ ಸಮಾಧಿಗಳಿಗೆ ದೀಪ ಹಚ್ಚುವ ದಿನ, ತಾಯಿಯ ಸಮಾಧಿಯ ಹತ್ತಿರ ಗೆನ್ಯತ್ತೆ ಬಿದ್ದುಬಿಟ್ಟರು. ಆಗ ಎಡ್ಮುಂಡ್ ಅವರ ಒಪ್ಪಿಗೆ ಕೇಳದೆಯೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ತಲೆಯ ಚಿತ್ರ ತೆಗೆದರು. ಹಣೆಯ ಹಿಂದೆ ಒಂದು ಗಡ್ಡೆ ಇತ್ತು, ಬಹಳ ಕಾಲದಿಂದ ಸದ್ದಿಲ್ಲದೆ ಬೆಳೆದದ್ದು. ವಾಸನೆಯನ್ನೂ ರುಚಿಯನ್ನೂ ಅದೇ ಒತ್ತಿ ಕೊಂದಿತ್ತು. ವಸಂತದಲ್ಲೇ ಬಂದಿದ್ದರೆ ಇದು ಇನ್ನೂ ಸಣ್ಣದಿರುತ್ತಿತ್ತು ಎಂದು ಡಾಕ್ಟರಮ್ಮ ಹೇಳಿದರಂತೆ. ಬದುಕುತ್ತಿದ್ದರು ಎಂದು ಹೇಳಲಿಲ್ಲ. ಈ ವ್ಯತ್ಯಾಸವನ್ನು ಎಡ್ಮುಂಡರಿಂದ ಎರಡು ಸಲ ಕೇಳಿ ತಿಳಿದುಕೊಂಡು ಬರೆಯುತ್ತಿದ್ದೇನೆ. ಶಸ್ತ್ರಚಿಕಿತ್ಸೆಗೆ ಜನವರಿಯಲ್ಲಿ ದಿನ ಸಿಕ್ಕಿತು.

ತಲೆಯದು ಏನೋ ಚಿಕಿತ್ಸೆ ಎಂದಷ್ಟೇ ಗೆನ್ಯತ್ತೆ ಹಲೀನಾಗೆ ಹೇಳಿದರು. ನಾಲಿಗೆಯ ವಿಷಯ ಹೇಳಲಿಲ್ಲ. ಕ್ರಿಸ್‌ಮಸ್ ಊಟ ನಾನೇ ಮಾಡುತ್ತೇನೆ ಎಂದರು, ಮಾಡಿದರು.

ಆ ದಿನದ ಕೆಂಪು ಬೀಟ್ರೂಟ್ ಸೂಪಿಗೆ ಅವರು ನನ್ನ ಅಂಗೈಗೆ ಬಹಳ ಸಲ ಹನಿ ಬಿಟ್ಟರು. ನನ್ನ ಕೈಯೆಲ್ಲ ಕೆಂಪಾಗಿತ್ತು. ಕೊನೆಗೆ ನಾನು ಪಾತ್ರೆಯ ಕಡೆ ತಿರುಗಿದೆ. "ಖಂಡಿತಾನಾ?" ಎಂದರು. ಅವರು ಹಾಗೆ ಕೇಳಿದ್ದು ಅದೊಂದೇ ಸಲ. ನಾನು ಹೂಂ ಅಂದೆ. ಅಣಬೆ ತುಂಬಿದ ಪುಟ್ಟ ಪುಟ್ಟ ಕಡುಬುಗಳನ್ನು ಅದರಲ್ಲಿ ತೇಲಿಬಿಟ್ಟರು.

ಊಟಕ್ಕೆ ಮೊದಲು ಎಲ್ಲರೂ ತೆಳುವಾದ ಬಿಳಿ ಹಬ್ಬದ ರೊಟ್ಟಿ ಹಿಡಿದುಕೊಂಡು, ಒಬ್ಬರದನ್ನು ಒಬ್ಬರು ಚೂರು ಮುರಿದು ತಿಂದು, ಹಾರೈಸಿದರು. ಒಲೆಯ ಹತ್ತಿರ ಗೆನ್ಯತ್ತೆಯೂ ಎಡ್ಮುಂಡರೂ ಮುರಿದುಕೊಂಡರು. ಏನು ಹೇಳಿಕೊಂಡರೋ ಗೊತ್ತಿಲ್ಲ. ನನಗೆ ಕೇಳಿಸಬಾರದೆಂದು ನಾನು ನಲ್ಲಿ ಬಿಟ್ಟೆ. ಆಮೇಲೆ ಚೆಸ್ಯಾ ತಮ್ಮ ರೊಟ್ಟಿ ಹಿಡಿದು ಅಡುಗೆಮನೆಗೇ ನುಗ್ಗಿದರು. ಇಬ್ಬರನ್ನೂ ಒಟ್ಟಿಗೆ ಕಂಡು ಅವರ ಕಣ್ಣು ತುಂಬಿತು.

"ರಾಜಿ ಆಯ್ತಾ? ದೇವರು ದೊಡ್ಡವನು. ಗೆನ್ಯಾ, ನನ್ನ ಹಾರೈಕೆ ಕೇಳು. ಬರೋ ವರ್ಷ ನಿನ್ನ ಸೂಪು ಮತ್ತೆ ಉಪ್ಪಾಗ್ಲಿ! ಬಾಯಿಗೆ ಇಡೋಕಾಗದಷ್ಟು ಉಪ್ಪಾಗ್ಲಿ!"

ಎಡ್ಮುಂಡ್ ಒಲೆಯ ಕಡೆ ಮುಖ ತಿರುಗಿಸಿದರು. ಗೆನ್ಯತ್ತೆ ಚೆಸ್ಯಾ ಅವರ ರೊಟ್ಟಿಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು.

"ಆಗ್ಲಿ ಚೆಸ್ಯಾ," ಅಂದರು. "ನಿನ್ನ ಬಾಯಿ ಹರಕೆ."

ಜನವರಿಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಅವರಿಗೆ ಎಚ್ಚರ ಬರಲಿಲ್ಲ. ಎಡ್ಮುಂಡ್ ದಿನವೂ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿ, ಪಕ್ಕದಲ್ಲಿ ಕೂತು, ಬ್ರೆಡ್ಡಿನಂಗಡಿಯ ಮುಂದೆ ಇವತ್ತು ಏನು ಘಮ ಇತ್ತು ಎಂದು ಕಿವಿಯಲ್ಲಿ ಹೇಳಿ ಬರುತ್ತಿದ್ದರು. ತಿಂಗಳು ಮುಗಿಯುವ ಮೊದಲೇ ಗೆನ್ಯತ್ತೆ ಹೋದರು.

ಮಣ್ಣು ಮಾಡಿ ಬಂದವರಿಗೆ ಯಾಗೊಡಾದಲ್ಲೇ ಊಟ ಇಟ್ಟಿದ್ದರು. ಹೊಸ ಅಡುಗೆಯವರು ಮಾಡಿದ ಕೋಳಿ ಸೂಪು. ಮೊದಮೊದಲು ಎಲ್ಲರೂ ತಲೆ ತಗ್ಗಿಸಿ ಉಂಡರು. ಆಮೇಲೆ, ಇಂಥ ಊಟಗಳಲ್ಲಿ ಆಗುವಂತೆ, ಒಬ್ಬೊಬ್ಬರಾಗಿ ನೆನೆಸಿಕೊಂಡು ನಗತೊಡಗಿದರು. ಆ ಟೊಮೇಟೊ ಸೂಪು, ಚಹಾದ ನೀರು ಬೆರೆಸಿದ್ದು, ಎಡ್ಮುಂಡರ ಕೆಂಪು ಮೂಗು.

"ಏನೇ ಆಗ್ಲಿ, ಪ್ರೀತಿ ಕಂಡು ಹೋದ್ಲು," ಅಂದರು ಚೆಸ್ಯಾ ಕಣ್ಣೊರೆಸಿಕೊಂಡು. "ಅಷ್ಟು ಉಪ್ಪು ಎಷ್ಟು ಜನರ ಹಣೇಲಿ ಬರೆದಿರುತ್ತೆ?"

ಎಡ್ಮುಂಡ್ ಚಮಚ ಮುಟ್ಟಿರಲಿಲ್ಲ. ಎದ್ದು ಟೋಪಿ ತೆಗೆದುಕೊಂಡು ಹೊರಗೆ ಹೋದರು. ದುಃಖ ತಡೆಯಲಾರದೆ ಎದ್ದರೆಂದುಕೊಂಡು ಎಲ್ಲರೂ ದಾರಿ ಬಿಟ್ಟರು. ನಾನು ಹಿಂದೆಯೇ ಹೋದೆ. ಬಸ್ ನಿಲ್ದಾಣದ ಗೋಡೆಗೆ ಒರಗಿ ನಿಂತಿದ್ದರು.

"ಅವರು ನಗ್ತಿದ್ರು ಮಿರ್ಕಾ," ಅಂದರು. "ಅವರದೇನು ತಪ್ಪು? ನಾನು ಅಂಗಿ ಇಸ್ತ್ರಿ ಮಾಡ್ಕೊಂಡು ಬರ್ತಿದ್ದೆ. ನನ್ನಿಂದ ಉಪ್ಪಾಯ್ತು ಅಂತ ತಟ್ಟೆ ನೆಕ್ತಿದ್ದೆ. ಒಳಗೆ ಅದು ಬೆಳೀತಾ ಇತ್ತು. ಉಪ್ಪು ಜಾಸ್ತಿ ಆದಷ್ಟೂ ನನಗೆ ಖುಷಿ. ಯೋಚನೆ ಮಾಡು, ಖುಷಿ."

"ನೀವು ಸೀದ ಸೂಪು ಉಂಡ್ರಲ್ಲ," ಅಂದೆ ನಾನು.

"ಅದು ತಡವಾಗಿ ಉಂಡಿದ್ದು ಮಗಳೇ," ಅಂದರು.

ಅಂದಿನಿಂದ ಅವರು ಯಾಗೊಡಾಗೆ ಬರುತ್ತಿಲ್ಲ. ಕಿಟಕಿಯ ಕೆಳಗಿನ ಮೇಜಿನಲ್ಲಿ ಈಗ ಯಾರು ಬೇಕಾದರೂ ಕೂರುತ್ತಾರೆ. ಮನೆಯಲ್ಲಿ ಬ್ರೆಡ್ಡೂ ಚಹಾವೂ ಬಿಟ್ಟರೆ ಏನೂ ಮಾಡಿಕೊಳ್ಳುವುದಿಲ್ಲವೆಂದು ಅವರ ಪಕ್ಕದ ಮನೆಯವರು ಹೇಳಿದರು. ಕೋಟು ಅವರ ಮೈಮೇಲೆ ಜೋಲುತ್ತಿರುವುದನ್ನು ನಾನೂ ದಾರಿಯಲ್ಲಿ ನೋಡಿದೆ.

ಚೆಸ್ಯಾ ಅವರನ್ನು ನೋಯಿಸಲು ನಾನು ಇದನ್ನು ಬರೆದಿಲ್ಲ. ಪ್ರತಿ ಭಾನುವಾರ ಗೆನ್ಯತ್ತೆಯ ಸಮಾಧಿಗೆ ದೀಪ ಇಡುವವರು ಅವರೇ. ಗೆನ್ಯತ್ತೆ ಪ್ರೀತಿಸಲಿಲ್ಲ ಎಂದು ಹೇಳಲೂ ಬರೆದಿಲ್ಲ. ಪ್ರೀತಿಸಿದರು. ಆದರೆ ಆ ಉಪ್ಪು ಅದಲ್ಲ. ಆ ಉಪ್ಪು ಕಾಯಿಲೆ, ಮತ್ತು ಅವರಿಗೆ ಒಲೆ ಬಿಟ್ಟುಕೊಡಲು ಇದ್ದ ಭಯ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದು ಗೋಡೆಗೆ ಅಂಟಿಸುವುದು ನನ್ನಿಂದ ಆಗುವುದಿಲ್ಲ.

ಇವತ್ತು 'ಯಾಗೊಡಾ'ದಲ್ಲಿ ಸೌತೆಕಾಯಿ ಸೂಪು. ಹೊಸ ಅಡುಗೆಯವರನ್ನು ಕೇಳಿ ಒಂದು ಪಾಲನ್ನು ಮುಚ್ಚಳದ ಡಬ್ಬಿಗೆ ಹಾಕಿಸಿಕೊಂಡು, ಟವೆಲಿನಲ್ಲಿ ಸುತ್ತಿಟ್ಟಿದ್ದೇನೆ. ಪಾತ್ರೆಗಳನ್ನು ತೊಳೆದು ಮುಗಿಸಿ, ಅದನ್ನು ಎಡ್ಮುಂಡರ ಮನೆಗೆ ತೆಗೆದುಕೊಂಡು ಹೋಗುತ್ತೇನೆ. ಅವರು ಉಣ್ಣುವವರೆಗೆ ಅಲ್ಲೇ ಕೂರುತ್ತೇನೆ.